ಸಂಜೆ ಸುಡುವ ನೀರು ಬೆಳಿಗ್ಗೆ ಎಲ್ಲಿ ಹೋಗುತ್ತೆ? ಒಂದು ಸೋಲಾರ್ ಹೀಟರ್ ರಿಪೇರಿ

ಕೊಪ್ಪಳದಲ್ಲಿ, ಭಾಗ್ಯನಗರದ ಕಡೆ ನನ್ನ ಅಕ್ಕನ ಮನೆ. ಮಾಳಿಗೆ ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಇದೆ. ಗಾಜಿನ ಟ್ಯೂಬಿನದು. ಇಪ್ಪತ್ತು ಟ್ಯೂಬ್, ಒಂದೊಂದೂ 58 ಮಿ.ಮೀ. ದಪ್ಪ, 1800 ಮಿ.ಮೀ. ಉದ್ದ. ಅದರ ಹಿಂದೆ ಎತ್ತರದ ಕಟ್ಟೆ ಮೇಲೆ 1000 ಲೀಟರಿನ ತಣ್ಣೀರಿನ ಟ್ಯಾಂಕ್. ಹಾಕಿಸಿದಾಗಿನಿಂದ ತಕರಾರಿಲ್ಲದೆ ನಡೆದಿತ್ತು. ಈ ಚಳಿಗಾಲಕ್ಕೆ ಕೈಕೊಟ್ಟಿತು.

ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ತಮ್ಮಾ, ಸಂಜಿಕೆ ನೋಡಿದ್ರ ನೀರು ಸುಡ್ತೈತಿ. ಮುಂಜಾನೆ ನೋಡಿದ್ರ ಉಗುರುಬೆಚ್ಚಗ. ರಾತ್ರಿ ಯಾರೂ ಮುಟ್ಟಿರಂಗಿಲ್ಲ."

ಅದಕ್ಕೂ ಮುಂಚೆ ಒಬ್ಬ ಸರ್ವಿಸಿನವನು ಬಂದು ನೋಡಿ ಹೋಗಿದ್ದ. ಒಂದು ಟ್ಯೂಬಿನ ತುದಿ ಬೆಳ್ಳಗಾಗಿದೆ, ಇಪ್ಪತ್ತೂ ಬದಲಾಯಿಸಬೇಕು ಅಂದಿದ್ದ. ಮಾಮಾ, ಅಂದರೆ ಅಕ್ಕನ ಗಂಡ, ದುಡ್ಡು ಹೊಂದಿಸೋಕೆ ಹೊರಟಿದ್ದರು. ಸ್ವಲ್ಪ ತಡೀರಿ ಅಂದೆ. ಸಂಜೆ ನೀರು ಸುಡುತ್ತೆ ಅಂದ ಮೇಲೆ ಟ್ಯೂಬುಗಳು ತಮ್ಮ ಕೆಲಸ ಮಾಡುತ್ತಿವೆ ಅಂತಲೇ ಅರ್ಥ ಅಲ್ವಾ? ಬಿಸಿ ಆಗದೇ ಇರೋದು ಒಂದು ರೋಗ. ಆದ ಬಿಸಿ ಉಳಿಯದೇ ಇರೋದು ಬೇರೆ ರೋಗ. ಎರಡಕ್ಕೂ ಒಂದೇ ಔಷಧ ಕೊಟ್ಟರೆ ಆಗೋದಿಲ್ಲ.

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡೋಕೆ ಗೋಡೆಗೆ ರೇಡಿಯೇಟರ್ ಹಾಕಿರುತ್ತಾರೆ. ಅವು ಕಾಯದಿದ್ದರೆ ಅಲ್ಲಿಯವರು ಮೊದಲು ಮಾಡೋದು ಕೈ ಇಟ್ಟು ನೋಡೋದು. ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಕೆಳಭಾಗ ತಣ್ಣಗಿದ್ದರೆ ತುಕ್ಕಿನ ಕೆಸರು ಕೂತಿದೆ. ಇಡೀ ರೇಡಿಯೇಟರೇ ತಣ್ಣಗಿದ್ದು ಪಕ್ಕದ್ದು ಬಿಸಿ ಇದ್ದರೆ ವಾಲ್ವ್ ಕಚ್ಚಿಕೊಂಡಿರಬಹುದು. ಬಿಸಿ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಅಂತ ಹುಡುಕೋದೇ ಕೆಲಸ. ನಮ್ಮ ಸೋಲಾರಿಗೂ ಅದೇ ದಾರಿ.

ಮೊದಲು ಅಳತೆ. ಬಿಸಿ ಅಳೆಯೋ ಗನ್ ಒಂದು ನನ್ನ ಹತ್ತಿರ ಇದೆ. ಹೊಳೆಯೋ ಸ್ಟೀಲಿನ ಮೇಲೆ ಹಿಡಿದರೆ ಅದು ಸುಳ್ಳು ಹೇಳುತ್ತೆ, ತೀರಾ ಕಡಿಮೆ ತೋರಿಸುತ್ತೆ. ಆ ಜಾಗಕ್ಕೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿದರೆ ಸರಿ. ಟ್ಯೂಬಿನ ಗಾಜಿನ ಮೇಲೆ ಹಿಡಿದರೆ ಹೊರಗಿನ ಗಾಜಿನ ಬಿಸಿ ಮಾತ್ರ ಸಿಗುತ್ತೆ, ಒಳಗಿನ ನೀರಿನದಲ್ಲ. ಹಾಗಾಗಿ ನೀರನ್ನೇ ಅಳೆದೆ. ಸೋಲಾರ್ ಟ್ಯಾಂಕಿನ ಮೇಲೆ ಗಾಳಿ, ಹಬೆ ಓಡಾಡೋಕೆ ಇರೋ ಏರ್ ವೆಂಟ್ ಪೈಪಿನ ಬಗ್ಗಿದ ತಲೆಯನ್ನು ಪಾನಾದಿಂದ ಬಿಚ್ಚಿ, ವೈರ್ ಇರುವ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಒಳಗೆ ಇಳಿಬಿಟ್ಟೆ. ಕೆಳಗಿನ ಡ್ರೇನ್ ವಾಲ್ವಿನಿಂದ ನೀರು ಹಿಡಿದು ಅಳೆಯಬೇಡಿ. ಬಿಸಿನೀರು ಮೇಲೆ, ತಣ್ಣೀರು ಕೆಳಗೆ ನಿಂತಿರುತ್ತೆ. ಟ್ಯಾಂಕ್ ತುಂಬ ಬಿಸಿನೀರಿದ್ದರೂ ಡ್ರೇನಿನಲ್ಲಿ ಬರೋದು ತಣ್ಣಗೇ.

ಸಂಜೆ ಐದೂವರೆಗೆ 61 ಡಿಗ್ರಿ. ಬೆಳಿಗ್ಗೆ ಆರಕ್ಕೆ 38.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿದೆ. 200 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸೋಕೆ ಸುಮಾರು 8 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಇಪ್ಪತ್ತರಲ್ಲಿ ಒಂದು ಟ್ಯೂಬ್ ಪೂರ್ತಿ ಕೆಟ್ಟರೂ ಹೋಗೋದು ಇಪ್ಪತ್ತರಲ್ಲಿ ಒಂದು ಪಾಲು, ಅಂದರೆ ಎರಡು ಡಿಗ್ರಿಯ ಆಸುಪಾಸು. ಇಲ್ಲಿ ಒಂದೇ ರಾತ್ರಿ 23 ಡಿಗ್ರಿ ಇಳಿದಿದೆ. ಅದು ಐದು ಯೂನಿಟಿಗಿಂತ ಜಾಸ್ತಿ. ಹನ್ನೆರಡು ಗಂಟೆಗೆ ಹಂಚಿದರೆ ರಾತ್ರಿಯೆಲ್ಲಾ 400 ವ್ಯಾಟಿಗಿಂತ ಹೆಚ್ಚು ಶಾಖ ಎಲ್ಲಿಗೋ ಹೋಗುತ್ತಿದೆ. ಟ್ಯಾಂಕಿನ ಮೈಯಿಂದಲೇ ಅಷ್ಟು ಹೋಗುತ್ತಿದ್ದರೆ ಹೊರಗಿನ ತಗಡು ಕೈಗೆ ಬೆಚ್ಚಗೆ ಹತ್ತಬೇಕು. ರಾತ್ರಿ ಊಟ ಆದ ಮೇಲೆ ಹತ್ತಿ ಹೋಗಿ ಕೈ ಇಟ್ಟೆ. ಮೇಲೆ, ಕೆಳಗೆ, ಎರಡೂ ಬದಿ. ತಗಡು ತಣ್ಣಗಿತ್ತು. ಬಿಸಿ ಹೊರಗೆ ಹೋಗದಂತೆ ಒಳಗೆ ತುಂಬಿರೋ ಪಫ್ ಫೋಮಿನ ಹೊದಿಕೆ ಚೆನ್ನಾಗಿಯೇ ಇದೆ.

ಟ್ಯೂಬುಗಳನ್ನೂ ಬಿಡಲಿಲ್ಲ. ಮಧ್ಯಾಹ್ನ ಬಿಸಿಲು ಜೋರಾಗಿದ್ದಾಗ ಅಂಗೈ ಹಿಂಭಾಗದಿಂದ ಒಂದೊಂದೇ ಮುಟ್ಟುತ್ತಾ ಹೋದೆ. ಒಂದೊಂದು ಟ್ಯೂಬೂ ಒಂದರೊಳಗೊಂದು ಎರಡು ಗಾಜಿನದು, ಅವುಗಳ ನಡುವೆ ಗಾಳಿ ಇರೋದಿಲ್ಲ. ಅದಕ್ಕೇ ಒಳಗೆ ನೀರು ಕೊತಕೊತ ಅಂದರೂ ಹೊರಗಿನ ಗಾಜು ಹೆಚ್ಚು ಕಾಯೋದಿಲ್ಲ. ಎಡದಿಂದ ಏಳನೆಯದು ಮಾತ್ರ ಕೈಗೆ ಬಿಸಿ ತಾಗಿತು. ಅದರ ಕೆಳತುದಿಯಲ್ಲಿ ಇರಬೇಕಾದ ಬೆಳ್ಳಿ ಬಣ್ಣದ ಕನ್ನಡಿ ಹಾಲಿನಂತೆ ಬಿಳಿ ಆಗಿತ್ತು. ಆ ಕನ್ನಡಿ ಬೇರಿಯಂ ಲೇಪನ. ಗಾಳಿ ಒಳಗೆ ಸೇರಿದ ಕೂಡಲೇ ಬಿಳಿ ಆಗುತ್ತೆ, ಬೇರೆ ಪರೀಕ್ಷೆ ಬೇಕಿಲ್ಲ. ಸರ್ವಿಸಿನವನು ನೋಡಿದ್ದು ಅದನ್ನೇ. ಟ್ಯೂಬ್ ಕೆಟ್ಟಿದ್ದು ನಿಜ. ಅದೊಂದೇ ಕೆಟ್ಟಿದ್ದು ಅನ್ನೋದೂ ಅಷ್ಟೇ ನಿಜ.

ನೆರಳಿನ ವಿಚಾರ ಬೇಗ ಮುಗಿಯಿತು. ಕೊಪ್ಪಳ ಇರೋದು 15.35 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ ಮಧ್ಯಾಹ್ನದ ಸೂರ್ಯ 51 ಡಿಗ್ರಿ ಎತ್ತರಕ್ಕೆ ಬಂದು ನಿಲ್ಲುತ್ತಾನೆ, ದಕ್ಷಿಣಕ್ಕೆ ವಾಲಿ. ಬೇಸಿಗೆಯಲ್ಲಿ ಅಡ್ಡಿ ಮಾಡದ ಪಕ್ಕದ ಮನೆ ಗೋಡೆ ಚಳಿಗಾಲದಲ್ಲಿ ಅಡ್ಡ ಬರಬಹುದು. ಇಲ್ಲಿ ಬರುತ್ತಿರಲಿಲ್ಲ. ಕಾರ್ಖಾನೆ ಕಡೆಯಿಂದ ಬರೋ ಕರಿ ಧೂಳು ಟ್ಯೂಬಿನ ಮೇಲೆ ಪದರಾಗಿ ಕೂತಿತ್ತು. ಬೆಳಿಗ್ಗೆ ತಣ್ಣಗಿರುವಾಗ ಒದ್ದೆ ಬಟ್ಟೆಯಿಂದ ಒರೆಸಿದೆ. ಈ ಊರಲ್ಲಿ ಅದನ್ನು ತಿಂಗಳಿಗೊಮ್ಮೆ ಆದರೂ ಮಾಡಬೇಕು. ಆದರೆ ಧೂಳು ಹಗಲಿನ ಬಿಸಿ ಕಡಿಮೆ ಮಾಡೀತೇ ಹೊರತು ರಾತ್ರಿ ನೀರು ಆರಿಸೋದಿಲ್ಲ.

ಇನ್ನು ಉಳಿದದ್ದು ಒಂದೇ ಅನುಮಾನ. ಬಿಸಿನೀರು ಎಲ್ಲೋ ಹೋಗುತ್ತಿದೆ, ಆ ಜಾಗಕ್ಕೆ ತಣ್ಣೀರು ಬರುತ್ತಿದೆ. ಇದಕ್ಕೆ ಸುಲಭದ ಪರೀಕ್ಷೆ ಇದೆ. ಮಲಗೋ ಮುಂಚೆ ಸೋಲಾರ್ ಟ್ಯಾಂಕಿಗೆ ತಣ್ಣೀರು ಬರೋ ವಾಲ್ವ್, ಬಿಸಿನೀರು ಮನೆಗೆ ಇಳಿಯೋ ವಾಲ್ವ್, ಎರಡೂ ಮುಚ್ಚಿದೆ. ವೆಂಟ್ ತೆರೆದೇ ಇರುತ್ತೆ, ಹಾಗಾಗಿ ಹೆದರಿಕೆ ಇಲ್ಲ. ಬೆಳಿಗ್ಗೆ ಅಳೆದರೆ 56. ಒಳ್ಳೆ ಟ್ಯಾಂಕ್ ಒಂದು ರಾತ್ರಿಗೆ ಐದಾರು ಡಿಗ್ರಿ ಇಳಿಯೋದು ಮಾಮೂಲು. ಅಂದರೆ ಹೀಟರ್ ಆರೋಗ್ಯವಾಗಿದೆ. ರೋಗ ಇರೋದು ಮನೆ ಒಳಗೆ.

ಮಾಮಾ ನಂಬಲಿಲ್ಲ. "ಮನಿಯಾಗ ಒಂದು ನಳಾನೂ ಸೋರವಲ್ದು, ನೋಡು ಬೇಕಾದ್ರ" ಅಂದರು. ನೋಡಿದೆ. ನಿಜವಾಗಿಯೂ ಒಂದೂ ಸೋರುತ್ತಿರಲಿಲ್ಲ.

ಸೋರದೇ ನೀರು ಹೋಗೋ ದಾರಿ ಇನ್ನೊಂದಿದೆ. ಮಿಕ್ಸರ್ ನಳದೊಳಗೆ ಬಿಸಿ ಮತ್ತು ತಣ್ಣೀರು ಸೇರುವ ಜಾಗದಲ್ಲಿ ಒಂದು ಕಡೆಯ ನೀರು ಇನ್ನೊಂದು ಕಡೆಗೆ ನುಗ್ಗೋದು. ಎರಡೂ ಕಡೆ ಒತ್ತಡ ಒಂದೇ ಇದ್ದರೆ ನುಗ್ಗೋದಿಲ್ಲ. ಇಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ಲೈನಿಗೆ ಪ್ರೆಶರ್ ಪಂಪ್ ಹಾಕಿಸಿದ್ದರು, ಮೇಲಿನ ಬಾತ್‌ರೂಮಿಗೆ ನೀರು ಸಣ್ಣ ಬರುತ್ತೆ ಅಂತ. ಬಿಸಿನೀರಿನ ಲೈನಿಗೆ ಹಾಕಿರಲಿಲ್ಲ. ಹಾಕುವ ಹಾಗೂ ಇಲ್ಲ. ಈ ತರಹದ ಸೋಲಾರ್ ಟ್ಯಾಂಕ್ ಒತ್ತಡ ತಡೆಯೋದಲ್ಲ, ವೆಂಟ್ ತೆರೆದಿರೋ ಟ್ಯಾಂಕ್. ಹೀಗಾಗಿ ಒಂದು ಕಡೆ ಪಂಪಿನ ಒತ್ತಡ, ಇನ್ನೊಂದು ಕಡೆ ಟ್ಯಾಂಕಿನ ಎತ್ತರದ ಒತ್ತಡ ಮಾತ್ರ. ಒಂದು ಬಾರ್ ಅಂದರೆ ಸುಮಾರು ಹತ್ತು ಮೀಟರ್ ಎತ್ತರದ ನೀರು. ಒಂದೂವರೆ ಬಾರ್ ಕೊಡೋ ಪಂಪಿನ ಮುಂದೆ ಮಾಳಿಗೆಯ ಟ್ಯಾಂಕ್ ಎಷ್ಟರದು?

ಇದನ್ನು ಹಿಡಿಯೋ ಪರೀಕ್ಷೆ: ಮಾಳಿಗೆ ಮೇಲೆ ಬಿಸಿನೀರಿನ ವಾಲ್ವ್ ಮುಚ್ಚಿ, ಕೆಳಗೆ ಯಾವುದಾದರೂ ಬಿಸಿನೀರಿನ ನಳ ತೆರೀರಿ. ಪೈಪಿನಲ್ಲಿ ಇದ್ದಷ್ಟು ನೀರು ಬಂದು ನಿಲ್ಲಬೇಕು. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಡೆಯೋ ಪ್ಲಾಸ್ಟಿಕ್) ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ಇರುತ್ತೆ, ಹೆಚ್ಚೆಂದರೆ ಅರ್ಧ ಬಕೆಟ್ ಬರುತ್ತೆ. ನಿಲ್ಲದೇ ಬರುತ್ತಲೇ ಇದ್ದರೆ ಆ ನೀರು ತಣ್ಣೀರಿನ ಲೈನಿನಿಂದ ಬರುತ್ತಿದೆ.

ಹಗಲು ಹನ್ನೊಂದಕ್ಕೆ ಮಾಡಿ ನೋಡಿದೆ. ನೀರು ನಿಂತಿತು. ಶುದ್ಧವಾಗಿ.

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಆದರೆ ಮಾಳಿಗೆ ಮೇಲೆ ಒಂದು ಗುರುತು ಕಣ್ಣಿಗೆ ಚುಚ್ಚುತ್ತಲೇ ಇತ್ತು. ವೆಂಟ್ ಪೈಪಿನ ಬಾಯಿ ಕೆಳಗೆ, ಸೋಲಾರ್ ಟ್ಯಾಂಕಿನ ತಗಡಿನ ಮೇಲೆ ಎರಡು ಬೆರಳಗಲ ಬಿಳಿ ಪಟ್ಟೆ. ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿ ಉದುರುತ್ತೆ. ಪಟ್ಟೆ ತಗಡಿನಿಂದ ಸ್ಟ್ಯಾಂಡಿನ ಕಾಲಿಗೆ ಇಳಿದು, ಅಲ್ಲಿಂದ ನೆಲದ ಇಳಿಜಾರು ಹಿಡಿದು ಮಳೆನೀರಿನ ಕೊಳವೆವರೆಗೆ ಹೋಗಿತ್ತು. ಕೊಳವೆ ಇರೋದು ಮನೆ ಹಿಂದೆ, ಯಾರೂ ನೋಡದ ಕಡೆ. ವೆಂಟಿನಿಂದ ಹಬೆ ಬರೋದು ಸರಿ, ಒಂದೊಂದು ಸಲ ನಾಲ್ಕು ಹನಿ ಚೆಲ್ಲೋದೂ ಸರಿ. ಇಷ್ಟು ಸುಣ್ಣ ಕಟ್ಟಬೇಕಾದರೆ ನೀರು ತುಂಬಾ ಹರಿದಿರಬೇಕು.

ಮತ್ತೆ ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಹತ್ತಿದೆ. ವೆಂಟಿನ ಬಾಯಿಂದ ಪೆನ್ಸಿಲ್‌ಗಿಂತ ಸಣ್ಣ ಧಾರೆ ಬೀಳುತ್ತಿತ್ತು. ಬೆರಳು ಒಡ್ಡಿದೆ. ಬಿಸಿ! ಅಷ್ಟರಲ್ಲಿ ಕೆಳಗೆ ಪ್ರೆಶರ್ ಪಂಪ್ ಗುಂಯ್ ಅಂದು ಎರಡು ಸೆಕೆಂಡಿಗೆ ನಿಂತಿತು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಯಾರೂ ನಳ ತೆರೆಯದೇ ಪಂಪ್ ಚಾಲೂ ಆಗುತ್ತೆ ಅಂದರೆ ಲೈನಿನಿಂದ ನೀರು ಎಲ್ಲಿಗೋ ಜಾರುತ್ತಿದೆ. ವಾಲ್ವ್ ಮುಚ್ಚಿ ಅಡುಗೆಮನೆಯ ಬಿಸಿನೀರಿನ ನಳ ತೆರೆದೆ. ಬೆಳಿಗ್ಗೆ ನಿಂತಿದ್ದ ನೀರು ಈಗ ನಿಲ್ಲಲೇ ಇಲ್ಲ. ಸಣ್ಣಗೆ, ತಣ್ಣಗೆ, ಬರುತ್ತಲೇ ಇತ್ತು.

ಹಗಲು ಇಲ್ಲದ್ದು ರಾತ್ರಿ ಏನಿರುತ್ತೆ? ಕೆಳಗಿನ ಬಾತ್‌ರೂಮಿಗೆ ಹೋದೆ. ಗೋಡೆಯ ಮಿಕ್ಸರಿಗೆ ಉದ್ದ ಪೈಪಿನ ಗನ್ ಒಂದು ಹಾಕಿದ್ದರು, ಗುಂಡಿ ಒತ್ತಿದರೆ ನೀರು ಬರೋ ತರಹದ್ದು. ಅಕ್ಕನ ಅತ್ತೆಗೆ ಮೊಣಕಾಲು ನೋವು. ಸ್ಟೂಲಿನ ಮೇಲೆ ಕೂತು ಸಂಜೆ ಏಳಕ್ಕೆ ಸ್ನಾನ ಮಾಡುತ್ತಾರೆ. ಅವರಿಗೆ ಅನುಕೂಲ ಆಗಲಿ ಅಂತ ಗನ್ ಹಾಕಿಸಿದ್ದು. ಮಿಕ್ಸರಿನ ಎರಡೂ ಗುಬುಟು ತೆರೆದೇ ಇದ್ದವು. ಬಿಸಿ ಕಡೆ ಪೂರ್ತಿ, ತಣ್ಣೀರಿನ ಕಡೆ ಕೂದಲೆಳೆಯಷ್ಟು. ಪಂಪಿನ ತಣ್ಣೀರು ಜೋರು ಇರೋದರಿಂದ ಅಷ್ಟೇ ತೆರೆದರೂ ಹದ ಬರುತ್ತಿತ್ತು. ಗುಂಡಿ ಬಿಟ್ಟರೆ ನೀರು ನಿಲ್ಲುತ್ತೆ, ಹೊರಗೆ ಒಂದು ಹನಿ ಬೀಳೋದಿಲ್ಲ. ಒಳಗೆ ಮಾತ್ರ ತಣ್ಣೀರು ಮಿಕ್ಸರಿನಲ್ಲಿ ತಿರುಗಿ, ಬಿಸಿನೀರಿನ ಪೈಪ್ ಹಿಡಿದು ಮೇಲಕ್ಕೆ ಹೋಗುತ್ತಿತ್ತು. ಸೋಲಾರ್ ಟ್ಯಾಂಕಿಗೆ ತಣ್ಣೀರು ಬರುವ ಪೈಪಿನಲ್ಲಿ ನೀರನ್ನು ಒಂದೇ ಕಡೆಗೆ ಬಿಡೋ ವಾಲ್ವ್, ಅಂದರೆ ಎನ್‌ಆರ್‌ವಿ ಇದೆ, ನೀರು ಆ ಕಡೆ ವಾಪಸ್ ಹೋಗೋ ಹಾಗಿಲ್ಲ. ಉಳಿದ ಬಾಯಿ ವೆಂಟ್ ಒಂದೇ. ತಣ್ಣೀರು ಟ್ಯಾಂಕಿನಲ್ಲಿ ಕೆಳಗೆ ಇಳಿಯುತ್ತೆ, ಮೇಲಿನ ಬಿಸಿನೀರು ವೆಂಟಿನಿಂದ ಹೊರಗೆ ಬೀಳುತ್ತೆ. ಬೆಳಗಿನವರೆಗೂ ಇದೇ ನಡೆಯುತ್ತಿತ್ತು. ಬೆಳಿಗ್ಗೆ ಅಕ್ಕನ ಮಕ್ಕಳು ಅದೇ ಮಿಕ್ಸರಿನಿಂದ ಬಕೆಟ್ ತುಂಬಿಕೊಂಡು ಗುಬುಟು ಮುಚ್ಚಿ ಬರುತ್ತಿದ್ದರು. ಹಗಲು ಯಾರು ಬಂದು ನೋಡಿದರೂ ಎಲ್ಲಾ ಸರಿ ಇರುತ್ತಿತ್ತು.

ಬೆಳಿಗ್ಗೆ ಅತ್ತೆಗೆ ಹೇಳಿದಾಗ ಅವರು ನೊಂದುಕೊಂಡರು. "ಗುಂಡಿ ಬಿಟ್ರ ನಿಂದರ್ತೈತಲ್ಲಪ, ಮತ್ತ್ಯಾಕ ತಿರುವೂದಂತ ಬಿಟ್ಟಿದ್ದೆ. ನನ್ನ ಕೈಲಿ ಅವು ತಿರುಗಂಗಿಲ್ಲ." ಅವರದೇನೂ ತಪ್ಪಿಲ್ಲ ಅಂದೆ. ಗಂಟು ಕಟ್ಟಿದ ಬೆರಳಿಂದ ಒದ್ದೆ ಗುಬುಟು ತಿರುಗಿಸೋದು ಕಷ್ಟ. ದಿನಾ ಮುಚ್ಚಿ ಬನ್ನಿ ಅಂತ ಅವರಿಗೆ ಹೇಳೋದು ರಿಪೇರಿ ಅಲ್ಲ. ಪ್ಲಂಬಿಂಗ್ ಹಾಗೆ ಇರಬೇಕು, ಅವರು ಮರೆತರೂ ನಡೆಯಬೇಕು.

ಮಾಮಾ ಒಂದು ಉಪಾಯ ಹೇಳಿದರು: "ಆ ವೆಂಟಿಗೆ ಒಂದು ಕ್ಯಾಪ್ ಬಿಗದು ಬಿಡೂಣು." ಇದನ್ನು ಮಾತ್ರ ಯಾರೂ ಮಾಡಬೇಡಿ. 200 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾದರೆ ಸುಮಾರು ಮೂರು ಲೀಟರ್ ಹಿಗ್ಗುತ್ತೆ. ಅದಕ್ಕೆ ದಾರಿ ಬೇಕು, ಹಬೆಗೂ ದಾರಿ ಬೇಕು. ಇನ್ನು ಟ್ಯಾಂಕ್ ಖಾಲಿ ಆಗುವಾಗ ಗಾಳಿ ಒಳಗೆ ಬರದಿದ್ದರೆ ಒಳಗಿನ ತೆಳು ಸ್ಟೀಲ್ ಒಳಕ್ಕೆ ಸೊಟ್ಟಗಾಗುತ್ತೆ. ಕಣಜದ ಹುಳ ಮಣ್ಣು ತುಂಬಿ ವೆಂಟ್ ಮುಚ್ಚಿಬಿಡೋದನ್ನೂ ನೋಡಿದ್ದೇನೆ. ವರ್ಷಕ್ಕೊಮ್ಮೆ ಒಂದು ತಂತಿ ಆಡಿಸಿ ನೋಡೋದು ಒಳ್ಳೇದು.

ಮಾಡಿದ್ದು ಹೀಗೆ. ಕೆಳಗಿನ ಬಾತ್‌ರೂಮಿಗೆ ಪಂಪಿನ ಒತ್ತಡ ಬೇಕಾಗಿಯೇ ಇಲ್ಲ, ಟ್ಯಾಂಕಿನ ಎತ್ತರದಿಂದಲೇ ನೀರು ಚೆನ್ನಾಗಿ ಬರುತ್ತೆ. ಹಾಗಾಗಿ ಅದರ ತಣ್ಣೀರಿನ ಲೈನನ್ನು ಪಂಪಿನ ಆಚೆಯಿಂದ ಕತ್ತರಿಸಿ, ಪಂಪಿಗೆ ಹೋಗುವ ಮುಂಚಿನ ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ ಜೋಡಿಸಿದೆ. ಈಗ ಆ ಮಿಕ್ಸರಿಗೆ ಬಿಸಿ, ತಣ್ಣೀರು ಎರಡೂ ಒಂದೇ ಎತ್ತರದಿಂದ ಬರುತ್ತವೆ. ಗುಬುಟು ತೆರೆದಿದ್ದರೂ ನೂಕೋರು ಯಾರೂ ಇಲ್ಲ. ಸಿಪಿವಿಸಿ ಜೋಡಿಸುವಾಗ ಒಂದು ಮಾತು: ಕತ್ತರಿಸಿದ ತುದಿಯ ಸಿಬಿರು ತೆಗೆದು, ಪೈಪಿಗೂ ಟೀಗೂ ಎರಡಕ್ಕೂ ಸಲ್ಯೂಷನ್ ಹಚ್ಚಿ, ತುಸು ತಿರುಗಿಸಿ ಒತ್ತಿ ಹಿಡಿಯಬೇಕು. ಕೂಡಲೇ ಬಿಟ್ಟರೆ ಪೈಪ್ ಹಿಂದಕ್ಕೆ ಜಾರುತ್ತೆ. ಸಲ್ಯೂಷನ್ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಕಾಯದೇ ನೀರು ಬಿಡಬಾರದು.

ಮೇಲಿನ ಬಾತ್‌ರೂಮಿಗೆ ಪಂಪ್ ಬೇಕೇ ಬೇಕು. ಅಲ್ಲಿ ಮಿಕ್ಸರಿಗೆ ಹೋಗುವ ಬಿಸಿನೀರಿನ ಕವಲಿಗೆ ಒಂದು ಹಿತ್ತಾಳೆ ಎನ್‌ಆರ್‌ವಿ ಹಾಕಿದೆ. ಅಂಗಡಿಯಲ್ಲಿ ಎರಡು ತರಹ ಸಿಗುತ್ತೆ. ಸ್ಪ್ರಿಂಗಿನದು ತೆರೆಯೋಕೆ ಸ್ವಲ್ಪ ಒತ್ತಡ ಬೇಕು, ಸೋಲಾರಿನ ಸಣ್ಣ ಒತ್ತಡಕ್ಕೆ ನೀರು ಇನ್ನೂ ಸಣ್ಣ ಆಗುತ್ತೆ. ಬಾಗಿಲಿನ ಹಾಗೆ ತೂಗೋ ಸ್ವಿಂಗ್ ತರಹದ್ದು ಹಗುರ. ಅದನ್ನು ಅಡ್ಡವಾಗಿ ಕೂರಿಸಬೇಕು, ಬಾಣದ ಗುರುತು ನಳದ ಕಡೆ ಇರಬೇಕು. ಟೆಫ್ಲಾನ್ ಟೇಪ್ ಹತ್ತು ಸುತ್ತು ಹಾಕಿದೆ. ಸೋರಲಿಲ್ಲ.

ಕೆಟ್ಟ ಟ್ಯೂಬನ್ನೂ ಆಗಲೇ ಬದಲಾಯಿಸಿದೆ. ಇದು ಬೆಳಿಗ್ಗೆ ಬಿಸಿಲು ಬೀಳೋ ಮುಂಚೆ ಮಾಡುವ ಕೆಲಸ. ಖಾಲಿ ಟ್ಯೂಬ್ ಬಿಸಿಲಲ್ಲಿ ಇದ್ದರೆ ಒಳಗೆ 200 ಡಿಗ್ರಿವರೆಗೂ ಕಾಯುತ್ತೆ. ಅದಕ್ಕೆ ತಣ್ಣೀರು ಬಿಟ್ಟರೆ ಫಟ್ ಅಂತ ಒಡೆಯುತ್ತೆ. ಮೊದಲು ತಣ್ಣೀರಿನ ವಾಲ್ವ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಿದೆ. ಟ್ಯೂಬನ್ನು ಮೇಲಕ್ಕೆ ಒತ್ತಿ, ತಿರುಗಿಸುತ್ತಾ ಕೆಳಗಿನ ಬಟ್ಟಲಿನಿಂದ ಬಿಡಿಸಿ ಎಳೆದೆ. ಒಳಗಿದ್ದ ನೀರು ಸುರಿದ ಮೇಲೆ ತಳದಿಂದ ಒಂದು ಹಿಡಿ ಬಿಳಿ ಚಕ್ಕೆ ಉದುರಿತು, ಮೊಟ್ಟೆ ಸಿಪ್ಪೆಯಷ್ಟು ದಪ್ಪ. ಪಕ್ಕದ ಎರಡನ್ನೂ ಎಳೆದು ನೋಡಿದೆ, ಅವುಗಳಲ್ಲೂ ಅಷ್ಟೇ.

ನಮ್ಮ ಕಡೆ ಬೋರಿನ ನೀರು ಗಡುಸು. ತುಂಗಭದ್ರೆ ನೀರು ಬಿಡದ ದಿನ ಬೋರಿನದೇ ಟ್ಯಾಂಕಿಗೆ ಏರುತ್ತೆ. ನೀರಿನಲ್ಲಿ ಕರಗಿರೋ ಬೈಕಾರ್ಬನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಕೂರುತ್ತೆ, ಚಹಾ ಪಾತ್ರೆಯ ತಳದಲ್ಲಿ ಕೂರೋದು ಇದೇ. ಕುಡಿಯೋ ನೀರಿಗೆ ಭಾರತದ ಮಾನದಂಡ ಐಎಸ್ 10500 ಹೇಳೋ ಗಡಸುತನದ ಮಿತಿ ಲೀಟರಿಗೆ 200 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600. ಹೀಟರಿಗೆ ಅದರಲ್ಲಿ ಅರ್ಧ ಇದ್ದರೂ ಸುಣ್ಣ ಕಟ್ಟುತ್ತೆ. ಆ ಮಿಕ್ಸರ್ ಇಲ್ಲೂ ಕೆಲಸ ಕೆಡಿಸಿತ್ತು. ದಿನಕ್ಕೆ ಮನೆ ಬಳಸೋವಷ್ಟು ಹೊಸ ನೀರು ಒಳಗೆ ಬಂದರೆ ಅಷ್ಟೇ ಸುಣ್ಣ. ರಾತ್ರಿಯೆಲ್ಲಾ ಸುಮ್ನೆ ಹರಿದ ನೀರು ತನ್ನ ಪಾಲಿನ ಸುಣ್ಣವನ್ನೂ ಇಟ್ಟು ಹೋಗಿದೆ.

ತೊಳೆಯೋಕೆ ಸಿಟ್ರಿಕ್ ಆಸಿಡ್ ತಂದೆ, ಕಿರಾಣಿ ಅಂಗಡಿಯಲ್ಲಿ ಹರಳು ಸಿಗುತ್ತೆ. ಬಕೆಟ್ ನೀರಿನಲ್ಲಿ ಕರಗಿಸಿ ಒಂದೊಂದು ಟ್ಯೂಬಿಗೆ ಸುರಿದು ನಿಲ್ಲಿಸಿದೆ. ಸುಣ್ಣ ಬುಸಬುಸ ನೊರೆ ಬಿಟ್ಟು ಕರಗಿತು. ಬಾತ್‌ರೂಮ್ ತೊಳೆಯೋ ಆಸಿಡ್ ಬೇಗ ಕೆಲಸ ಮಾಡುತ್ತೆ ಅಂತ ಕೆಲವರು ಅದನ್ನೇ ಟ್ಯಾಂಕಿಗೆ ಸುರಿಯುತ್ತಾರೆ. ಅದು ಹೈಡ್ರೋಕ್ಲೋರಿಕ್. ಸ್ಟೀಲ್ ಟ್ಯಾಂಕಿಗೆ ಸೂಜಿಮೊನೆ ತೂತು ಬೀಳುತ್ತೆ. ರಬ್ಬರ್ ರಿಂಗುಗಳಿಗೆ ಸೋಪಿನ ನೀರು ಸವರಿ, ಟ್ಯೂಬುಗಳನ್ನು ತಿರುಗಿಸುತ್ತಾ ಒಳಗೆ ಕೂರಿಸಿದೆ. ಬಿರುಸಾದ ರಿಂಗ್ ಎರಡು ಇದ್ದವು, ಅವನ್ನು ಹೊಸದು ಹಾಕಿದೆ. ಟ್ಯಾಂಕ್ ತುಂಬುವಾಗ ವೆಂಟಿನಿಂದ ಗಾಳಿ ಪುಸ್ ಅಂತ ಹೊರಬರೋದು ಕೇಳಿಸುತ್ತೆ. ಅದು ನಿಂತ ಮೇಲೆ ಕೆಳಗಿನ ಬಿಸಿನೀರಿನ ನಳಗಳನ್ನೆಲ್ಲಾ ಒಂದು ಸಲ ತೆರೆದು ಪೈಪಿನ ಗಾಳಿ ಬಿಟ್ಟೆ. ಇಲ್ಲದಿದ್ದರೆ ನೀರು ಕೆಮ್ಮುತ್ತಾ ಬರುತ್ತೆ, ಕೆಲವೊಮ್ಮೆ ಬರೋದೇ ಇಲ್ಲ.

ಅತ್ತೆ ಎಂದಿನ ಹಾಗೆ ಏಳಕ್ಕೆ ಸ್ನಾನ ಮಾಡಿ, ಗುಬುಟು ತೆರೆದೇ ಬಿಟ್ಟು ಬಂದರು. ಬೇಕಂತಲೇ ಹಾಗೆ ಹೇಳಿದ್ದೆ. ರಾತ್ರಿ ವೆಂಟ್ ಒಣಗಿತ್ತು. ಪಂಪ್ ಸುಮ್ಮನಿತ್ತು. ಸಂಜೆ 63 ಇದ್ದದ್ದು ಬೆಳಿಗ್ಗೆ 57. ಟ್ಯೂಬು ಒಂದು, ರಿಂಗ್ ಎರಡು, ಎನ್‌ಆರ್‌ವಿ, ಟೀ, ಎಲ್ಬೋ, ಸಲ್ಯೂಷನ್ ಎಲ್ಲಾ ಸೇರಿದರೂ ಇಪ್ಪತ್ತು ಟ್ಯೂಬಿನ ಖರ್ಚಿನ ಹತ್ತಿರಕ್ಕೂ ಬರಲಿಲ್ಲ.

ಒಂದು ಕೆಲಸ ಬಾಕಿ ಇದೆ. ಟ್ಯಾಂಕಿನ ಬದಿಯಲ್ಲಿ ಮ್ಯಾಗ್ನೀಷಿಯಂ ರಾಡ್ ಇರುತ್ತೆ, ಟ್ಯಾಂಕಿನ ಬದಲು ತಾನು ಸವೆಯಲಿ ಅಂತ ಹಾಕಿರೋದು. ಇಷ್ಟು ವರ್ಷದಲ್ಲಿ ಅದು ಪೂರ್ತಿ ತಿಂದುಹೋಗಿರಬೇಕು. ನಟ್ ಸುಣ್ಣ ಕಟ್ಟಿ ಬಿಗಿದಿದೆ, ಪಾನಾ ಹಾಕಿದರೆ ಟ್ಯಾಂಕಿನ ಬುಶ್ ಸಮೇತ ತಿರುಗೋ ಹಾಗಿದೆ. ಸಿಟ್ರಿಕ್ ಆಸಿಡ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಬಂದಿದ್ದೇನೆ. ಸಡಿಲ ಆದರೆ ಅಕ್ಕ ಫೋನ್ ಮಾಡುತ್ತಾಳೆ.